ಚಾಮುಂಡಿಯ ಪಕ್ಕೆಲುಬು

ಮೂರ್ತಿಗೆ ಹೊದಿಸಿದ ಒದ್ದೆ ಬಟ್ಟೆ ತೆಗೀಬೇಡ ಎಂದು ಶಿಲ್ಪಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತೆಗೆದೇ ಬಿಟ್ಟಿದ್ದಳು. ಅವಳು ಇನ್ನು ಆಸ್ಪತ್ರೆಗೆ ಬರುವುದು ಬೇಡ, ಮನೆಯಲ್ಲೇ ಇರಲಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅವನ ಕೆಲಸದ ಕೋಣೆ ನೋಡಲೇಬೇಕೆಂದು ಹಟ ಹಿಡಿದು ಬಂದವಳು. ಗಾಳಿ ಬಂದರೆ ಬೀಳುವಂತಿದ್ದರೂ ಕೈ ಮಾತ್ರ ಚುರುಕು.

ಬಟ್ಟೆಯಡಿ ಜೇಡಿಮಣ್ಣಿನ ಚಾಮುಂಡಿ ಕೂತಿದ್ದಳು; ಹಳೆಯ ಶಿಲ್ಪಗಳಲ್ಲಿ ಎಲುಬು ತೊಗಲಾಗಿ, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಕಾಣುವ ಹಸಿದ ದೇವಿ. ಎಂಟುನೂರು ವರ್ಷದ ಹಿಂದೆ ಯಾವುದೋ ಗುಡಿಯ ಗೋಡೆಯಲ್ಲಿದ್ದ, ಇದರ ಮೂಲವಾದ ಕಲ್ಲಿನ ಮೂರ್ತಿ ಈಗ ಮ್ಯೂಸಿಯಂನಲ್ಲಿದೆ. ಎದೆಯಿಂದ ಸೊಂಟದವರೆಗೆ ಒಡೆದುಹೋಗಿದೆ. ಒಡೆದದ್ದನ್ನೂ ತುಂಬಿಸಿ ಪೂರ್ತಿ ದೇವಿಯನ್ನು ಮಾಡಿಕೊಡುವುದು ಅವನ ಕೆಲಸ. ಮೈದುಂಬಿದ ಅಪ್ಸರೆಯರನ್ನು ಮಾಡಿ ಪಳಗಿದ ಕೈಗೆ ಈ ಎಲುಬಿನ ಗೂಡು ಎಷ್ಟೋ ದಿನ ಒಲಿದಿರಲಿಲ್ಲ. ಈಚೆಗೆ ಒಲಿದಿತ್ತು.

"ಅಯ್ಯೋ, ಇವಳು ನನಗಿಂತ ಕಡೆಯಾಗಿದ್ದಾಳಲ್ರೀ!" ಅವಳು ನಕ್ಕಳು. "ಪಾಪ, ಯಾರೂ ಊಟಕ್ಕೆ ಹಾಕ್ಲಿಲ್ವಾ?"

"ಕಂಡೋರನ್ನೆಲ್ಲ ನುಂಗೋಳು. ಆದ್ರೂ ಹಸಿವು ತೀರಲ್ಲ."

"ಆಗಿನ ಶಿಲ್ಪಿ ಯಾರನ್ನ ನೋಡ್ಕೊಂಡು ಕೆತ್ತಿದ್ನೋ?"

"ಬಟ್ಟೆ ಹೊದಿಸು. ಮಣ್ಣು ಒಣಗುತ್ತೆ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕೆಲುಬುಗಳ ಮೇಲೆ ಬೆರಳಾಡಿಸುತ್ತ ಎಡಗಡೆ ಒಂದು ಗಂಟಿನ ಮೇಲೆ ಕೈ ನಿಲ್ಲಿಸಿದಳು. ಮದುವೆಯಾದ ಹೊಸತರಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದ ಅವಳ ಎಲುಬು ಹೀಗೇ ಗಂಟುಕಟ್ಟಿ ಕೂಡಿಕೊಂಡಿತ್ತು. ದಿನಾ ಅವಳಿಗೆ ಸ್ನಾನ ಮಾಡಿಸುವ ಅವನ ಕೈ ಅದನ್ನೂ ಬಿಡದೆ ಮಣ್ಣಿಗೆ ಇಳಿಸಿತ್ತು. ಗಂಟು ಮೂಡಿದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಸೋಪು ಹಚ್ಚುವ ನೆಪದಲ್ಲಿ ಈ ಮೂರ್ತಿಗಾಗಿ ಅವಳ ಎಲುಬುಗಳನ್ನು ಓದಿಕೊಳ್ಳುತ್ತಿದ್ದದ್ದು ಮಾತ್ರ ಚೆನ್ನಾಗಿ ಗೊತ್ತಿತ್ತು. ನೆನೆದರೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಏನೇ ಆದರೂ ಇದು ಅವಳಿಗೆ ತಿಳಿಯಬಾರದಿತ್ತು.

ಅವಳು ಶಾಲಿನೊಳಗೆ ಕೈ ಹಾಕಿ ತನ್ನ ಪಕ್ಕೆ ಮುಟ್ಟಿಕೊಂಡಳು. ಅವಳಿಗೆ ತಿಳಿದುಹೋಯಿತೆಂದು ಅವನಿಗೆ ಗೊತ್ತಾಯಿತು. ಬೈದುಬಿಡಲಿ, ಅತ್ತುಬಿಡಲಿ ಎಂದುಕೊಂಡ. ಅವಳು ಎರಡನ್ನೂ ಮಾಡಲಿಲ್ಲ.

"ತಪ್ಪಾಯ್ತು ಕಣೇ. ಈಗ್ಲೇ ಅಳಿಸಿಬಿಡ್ತೀನಿ," ಎಂದು ಮಣ್ಣು ಕೆರೆಯುವ ಕಡ್ಡಿ ಎತ್ತಿಕೊಂಡ.

ಅವಳು ಅವನ ಕೈ ಹಿಡಿದು ಕೆಳಗಿಳಿಸಿದಳು. ದೇವಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೋಡಿದಳು.

"ಚೆನ್ನಾಗೇ ಬಂದಿದೆ, ಅಳಿಸ್ಬೇಡಿ. ಹೊಟ್ಟೆ ಒಂದು ಇನ್ನೂ ಒಳಗೆ ಹೋಗ್ಬೇಕು, ಅಲ್ವಾ?" ಎನ್ನುತ್ತ ಅದೇ ಅಂಗೈಯನ್ನು ಶಾಲಿನ ಮೇಲಿಂದ ತನ್ನ ಹೊಟ್ಟೆಗಿಟ್ಟುಕೊಂಡಳು. "ಸ್ವಲ್ಪ ತಡೀರಿ. ಅದೂ ಆಗುತ್ತೆ."