ಯಾವ ಊರಿಗೂ ಹೋಗದ ಟ್ರಾನ್ಸ್‌ಫಾರ್ಮರು

“ಒಪ್ಪಲ್ಲ ಅಂದ್ರೆ ಒಪ್ಪಲ್ಲ!”

ಪ್ರೇಮಮ್ಮ ಮೇಜು ಕುಟ್ಟಿದ ರಭಸಕ್ಕೆ ಕಾಫಿ ಲೋಟಗಳು ಕುಣಿದವು. ಅಧ್ಯಕ್ಷ ದೊರೆಸ್ವಾಮಿ ಮೇಷ್ಟ್ರಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಇರುವುದು ಒಂದೇ ಒಂದು ಹೊಸ ಟ್ರಾನ್ಸ್‌ಫಾರ್ಮರು. ಕಳೆದ ಯುಗಾದಿ ಹೊತ್ತಿಗೆ ಬಂದದ್ದು, ಪಾಂಡವಪುರದ ವಿದ್ಯುತ್ ಸಹಕಾರ ಸಂಘದ ಹಿತ್ತಲಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತೇ ಇದೆ. ಕೇಳುವ ಊರು ಮೂರು. ಕೊಡಬೇಕಾದ ನಿರ್ದೇಶಕರೂ ಆ ಮೂರು ಊರಿನವರೇ. ಸಾಲದ್ದಕ್ಕೆ, ಏನೇ ತೀರ್ಮಾನವಾದರೂ ಎಲ್ಲರೂ ಒಪ್ಪಬೇಕು ಅನ್ನುವ ನಿಯಮ ಬೇರೆ. ಒಗ್ಗಟ್ಟಿರಲಿ ಎಂದು ಹಟ ಹಿಡಿದು ಅದನ್ನು ಬರೆಸಿದವರು ಮೇಷ್ಟ್ರೇ. ಈಗ ಅನುಭವಿಸುತ್ತಿದ್ದಾರೆ!

ಕರೆಂಟನ್ನು ಸಗಟಾಗಿ ಕೊಂಡು ಸದಸ್ಯರ ಊರುಗಳಿಗೆ ಹಂಚುವ ಸಂಘ ಅದು. ಕಂಬವೂ ತಂತಿಯೂ ಸದಸ್ಯರದೇ. ನಿವೃತ್ತಿಯಾದ ಮೇಲೆ ಮೇಷ್ಟ್ರು ಬಿಸಿಲಲ್ಲಿ ಮನೆಮನೆ ತಿರುಗಿ, ಒಬ್ಬೊಬ್ಬರನ್ನೂ ಒಪ್ಪಿಸಿ ಕಟ್ಟಿದ್ದು. ಅದು ಇವತ್ತಿಗೆ ಉಳಿಯುತ್ತದೋ ಇಲ್ಲವೋ ಅನ್ನುವ ಸ್ಥಿತಿಗೆ ಬಂದಿದೆ. ನಾಳೆ ಇಲಾಖೆಯ ಇನ್‌ಸ್ಪೆಕ್ಟರು ಬರುತ್ತಾರೆ. ಟ್ರಾನ್ಸ್‌ಫಾರ್ಮರು ಯಾವುದಾದರೂ ಊರಲ್ಲಿ ಓಡುತ್ತಿರಬೇಕು. ಇಲ್ಲದಿದ್ದರೆ ಆಡಳಿತ ಮಂಡಳಿ ವಜಾ, ಸಂಘ ಸರ್ಕಾರದ ಅಧಿಕಾರಿಯ ಕೈಗೆ.

“ಕ್ಯಾತನಹಳ್ಳಿಗೆ ಯಾಕೆ ಬೇಡಮ್ಮ?” ಮೇಷ್ಟ್ರು ಆದಷ್ಟು ಮೆತ್ತಗೆ ಕೇಳಿದರು.

“ಅಲ್ಲಿ ಕಂಬ ವಾಲ್ಕಂಡದೆ.”

“ನಮ್ಮೂರ ಕಂಬ ನೀನ್ಯಾವಾಗ್ ನೋಡ್ದೆ?” ಕಬ್ಬು ಬೆಳೆಯುವ ತಿಮ್ಮೇಶ ಎಗರಿ ಬಿದ್ದ. ಅದು ಅವನ ಊರು.

“ಹೋಗಲಿ, ಶೀಳನೆರೆಗೆ?”

“ಅಲ್ಲೀಗಂಟ ಟ್ರಾಕ್ಟರಲ್ಲಿ ಸಾಗಿಸ್ದ್ರೆ ಕುಲುಕ್ತದೆ. ಕುಲುಕುದ್ರೆ ಒಳ್ಗಡೆ ಆಳಾಯ್ತದೆ.”

ಶೀಳನೆರೆಯ ಅಂದಾನಯ್ಯ ಹಲ್ಲು ಕಡಿದರು. “ಇವಳ್ದು ಒಂದೇ ಹಟ ಕಣ್ಲಾ ತಿಮ್ಮೇಶ. ತನಗಿಲ್ದಿದ್ದು ಯಾರ್ಗೂ ಸಿಕ್ಬಾರ್ದು.”

ಹಾಗೆ ನೋಡಿದರೆ ಅವಳ ಸಿಟ್ಟಿಗೂ ಕಾರಣವಿತ್ತು. ಬಿಂಡಿಗನವಿಲೆಯಿಂದಾಚೆ ಇರುವ ಅವಳ ಜಾಲಿಕೊಪ್ಪಲಿನ ಹಳೆಯ ಟ್ರಾನ್ಸ್‌ಫಾರ್ಮರು ಮುಂಗಾರಿನಲ್ಲಿ ಸಿಡಿಲಿಗೆ ಸುಟ್ಟು ಹೋಗಿತ್ತು. ಊರಿಗೆ ಊರೇ ಕತ್ತಲು. ಹೆಂಗಸರು ನೀರಿಗೆ ಪಕ್ಕದೂರಿಗೆ ಹೋಗಬೇಕಿತ್ತು. ಆಗೆಲ್ಲ ಪ್ರೇಮಮ್ಮ ಸಭೆಗೆ ಬಂದವಳೇ ಮೊದಲು ಫೋನನ್ನು ಚಾರ್ಜಿಗೆ ಹಾಕುತ್ತಿದ್ದಳು, ಆಮೇಲೆ ಎಲ್ಲರೆದುರು ಅಳುತ್ತಿದ್ದಳು. “ನಮ್ಮೂರ್ಗೆ ಕೊಡ್ರಪ್ಪೋ” ಎಂದು ಅಂದಾನಯ್ಯನವರ ಕಾಲಿಗೂ ಬಿದ್ದಿದ್ದಳು. ಒಬ್ಬರೂ ಕರಗಲಿಲ್ಲ. ಆ ಕೊಪ್ಪಲಿನ ಕಡೆ ತಲೆ ಹಾಕಿ ಮಲಗಿದವರೂ ಅವರಲ್ಲಿ ಯಾರೂ ಇರಲಿಲ್ಲ.

ದೀಪಾವಳಿಯಾದ ಮೇಲೆ ಅವಳು ಅಳುವುದನ್ನು ಬಿಟ್ಟಳು. ಫೋನು ಚೀಲದಿಂದ ಆಚೆಗೇ ಬರುತ್ತಿರಲಿಲ್ಲ. ಕೇಳುವುದನ್ನೂ ಬಿಟ್ಟಳು. ಯಾರಿಗೆ ಕೊಡುತ್ತೇವೆಂದರೂ ಅಡ್ಡ ಹಾಕುವುದೊಂದೇ ಕೆಲಸ. ಪಾಪ ಅನ್ನಿಸಿ ಮೇಷ್ಟ್ರೇ ಒಮ್ಮೆ, “ನಿಮ್ಮೂರಿಗೊಂದು ಸಲ ಬಂದು ನೋಡ್ತೀನಮ್ಮ” ಅಂದಿದ್ದರು.

“ಬರ್ಬ್ಯಾಡಿ ಮೇಷ್ಟ್ರೇ, ರಸ್ತೆ ಸರಿಯಾಗಿಲ್ಲ. ನಮ್ಮೂರು ನಾವು ನೋಡ್ಕತೀವಿ” ಅಂದುಬಿಟ್ಟಳು. ಎಷ್ಟು ನೊಂದಿದ್ದಾಳೋ ಎಂದು ಮೇಷ್ಟ್ರಿಗೆ ಆ ದಿನ ಊಟ ಸೇರಲಿಲ್ಲ.

ಈಗ ಅವರು ಎದ್ದು ನಿಂತರು. ತಿಮ್ಮೇಶನಿಗೂ ಅಂದಾನಯ್ಯನವರಿಗೂ ಕೈ ಮುಗಿದರು. “ನಿಮ್ಮ ದಮ್ಮಯ್ಯ ಅಂತೀನಿ. ಆಯಮ್ಮನ ಊರಿಗೇ ಹೋಗಲಿ ಅಂದುಬಿಡಿ. ಸಂಘ ಉಳೀಲಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಸಂಘ ಹೋದರೆ ಕುರ್ಚಿಯೂ ಹೋಗುತ್ತದೆ.

“ಆಯ್ತು, ಹಾಳಾಗೋಗ್ಲಿ” ಅಂದರು ಅಂದಾನಯ್ಯ. ತಿಮ್ಮೇಶ ತಲೆಯಾಡಿಸಿದ.

ಪ್ರೇಮಮ್ಮನ ಮುಖ ಅರಳಿತು. ಕಿಟಕಿಗೆ ಓಡಿ, ಹಿತ್ತಲಲ್ಲಿ ಟ್ರಾಕ್ಟರು ನಿಲ್ಲಿಸಿಕೊಂಡಿದ್ದ ಲೈನ್‌ಮನ್ ಸಿದ್ದರಾಜುವಿಗೆ ಕೂಗಿ ಹೇಳಿದಳು: “ಲೋ ಸಿದ್ದರಾಜು, ನಮ್ಮೂರ್ಗೇ ಅಂತೆ ಕಣ್ಲಾ! ಟಾರ್ಪಾಲು ಸಮೇತ ಏರಿಸ್ಕಂಡ್ಬುಡು, ಬಿಚ್ಬ್ಯಾಡ, ಧೂಳು.”

“ಅದೆಂಗಾಯ್ತದೆ?” ತಿಮ್ಮೇಶ ಅಂದ. “ಇಷ್ಟ್ ದಿನ ಬಡಿದಾಡಿದೀವಿ. ಪೂಜೆ ಮಾಡಿ, ಕಾಯಿ ಒಡ್ದು ಕಳಿಸೋದು. ಬಿಚ್ಚು ಟಾರ್ಪಾಲು.”

ಅರಳಿದ ಮುಖ ಅಷ್ಟೇ ಬೇಗ ಬಾಡಿತು. “ಅಂಗಾದ್ರೆ ನಮ್ಗೆ ಬ್ಯಾಡ.”

“ಏನು?” ಮೇಷ್ಟ್ರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ.

“ಬ್ಯಾಡ ಅಂದ್ನಲ್ಲ. ಇದ್ದಂಗೇ ಇರ್ಲಿ ಬುಡಿ.”

ಅಲ್ಲಿಗೆ ಮೇಷ್ಟ್ರ ತಾಳ್ಮೆ ಕೆಟ್ಟಿತು. “ನಾನೇನು ಮನುಷ್ಯನೋ, ಇಲ್ಲಾ ನೀವು ಒದೆಯೋ ಚೆಂಡೋ?” ಎಂದು ಅರಚುತ್ತಾ ಹಿತ್ತಲಿಗೆ ನುಗ್ಗಿದರು. ಮಕ್ಕಳಿಗೂ ಎಂದೂ ಗದರದ ಮನುಷ್ಯ! ಪ್ರೇಮಮ್ಮ ಓಡಿ ಬಂದು ಅಡ್ಡ ನಿಂತಳು. “ಮೇಷ್ಟ್ರೇ, ಕೈ ಮುಗೀತೀನಿ, ಆ ಅಗ್ಗ ಬಿಚ್ಬ್ಯಾಡಿ.” ಸಿದ್ದರಾಜು ಟ್ರಾಕ್ಟರಿನ ಮರೆಗೆ ಸರಿದ. ಮೇಷ್ಟ್ರು ಹಗ್ಗ ಕಿತ್ತು ಟಾರ್ಪಾಲನ್ನು ಎಳೆದೇಬಿಟ್ಟರು.

ಒಳಗಿದ್ದದ್ದು ಕರಕಲು. ಪಿಂಗಾಣಿಯ ಬಟ್ಟಲುಗಳು ಒಡೆದಿದ್ದವು. ಸೋರಿದ ಎಣ್ಣೆ ಮಸಿಯ ಜೊತೆ ಕಲೆತು ಮೈಯೆಲ್ಲ ಹೆಪ್ಪುಗಟ್ಟಿತ್ತು.

ಮೇಷ್ಟ್ರು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು. “ಕಚ್ಚಾಡಿ ಕಚ್ಚಾಡಿ ಇಟ್ಟಲ್ಲೇ ಹಾಳು ಮಾಡಿಬಿಟ್ಟೆವಲ್ಲಯ್ಯ! ಹೊಸ ಪದಾರ್ಥ! ನಾಳೆ ಇನ್‌ಸ್ಪೆಕ್ಟರಿಗೆ ಏನು ತೋರಿಸಲಿ?” ಅವರ ಕಣ್ಣಲ್ಲಿ ನೀರಾಡಿತು.

ಪ್ರೇಮಮ್ಮ ಅವರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದಳು:

“ಇನ್‌ಸ್ಪೆಕ್ಟ್ರುನ್ನ ನಮ್ಮೂರ್ಗೆ ಕರ್ಕಂಡ್ಬನ್ನಿ ಮೇಷ್ಟ್ರೇ, ಇದು ನಮ್ಮ ಕೊಪ್ಪಲ್ದು, ನಿಮ್ಮ ಹೊಸದು ದೀಪಾವಳಿಯಿಂದ್ಲೂ ಅಲ್ಲೇ ಓಡ್ತಾ ಅದೆ.”