ಒಂದೇ ಸ್ಲೈಡ್

“ಈ ಡೈರೆಕ್ಟರನ್ನ ತೆಗ್ಯಾಕ ಇಷ್ಟು ಸಾಕಲ್ಲ?”

ಶೇಖರ್ ಲ್ಯಾಪ್‌ಟಾಪನ್ನು ಹೆಂಡತಿಯತ್ತ ತಿರುಗಿಸಿದ. ಮಧ್ಯಾಹ್ನವೇ ಬೋರ್ಡ್ ಮೀಟಿಂಗ್. ಪುಂಡಿಪಲ್ಯೆಯ ಸೊಪ್ಪು ಸೋಸುತ್ತಿದ್ದ ದುರ್ಗಾದೇವಿ ಕೈ ಒರೆಸಿಕೊಂಡಳು. ಅವನ ಪ್ರತಿ ಭಾಷಣವನ್ನೂ ಮೊದಲು ಕೇಳುವವಳು ಅವಳೇ. “ನಿನಗ ತಿಳೀತಂದ್ರ ಎಲ್ಲಾರಿಗೂ ತಿಳೀತೈತಿ,” ಎಂದು ನಗುತ್ತಿದ್ದ. ಆ ಮಾತು ಈಗೀಗ ಚುಚ್ಚುತ್ತಲೂ ಇರಲಿಲ್ಲ.

ಸಿರುಗುಪ್ಪದ ಅಕ್ಕಿ ಗಿರಣಿ ಮಾರಿ ಕುರುಗೋಡಿನಲ್ಲಿ ಜೀನ್ಸ್ ಘಟಕ ಹಾಕಬೇಕೆಂದು ಅವನ ಹಟ. ಗಿರಣಿ ಕಟ್ಟಿದವನು ಅವಳ ಅಪ್ಪ ಪಾಲಯ್ಯ. “ಬ್ಯಾಡ್ರಿ,” ಎಂದು ಒಮ್ಮೆ ಅಂದಿದ್ದಳು. ಫ್ಯಾನು ಸದ್ದು ಮಾಡಿತೆಂಬಂತೆ ಅವನು ಮಾತು ಮುಂದುವರಿಸಿದ್ದ.

ಆದರೆ ಅಪ್ಪ ಮಾಡಿಟ್ಟ ನಿಯಮವೊಂದಿತ್ತು. ಡೈರೆಕ್ಟರುಗಳೆಲ್ಲ ಎದುರು ಕುಳಿತು ಕೈ ಎತ್ತಿದರೆ ಮಾತ್ರ ಮಾರಾಟ. ಅವರಲ್ಲಿ ಒಬ್ಬರು ಮೀಟಿಂಗಿಗೆ ಎಂದೂ ಬಂದವರಲ್ಲ.

“ವರ್ಷಪೂರ್ತಿ ಒಂದು ಮೀಟಿಂಗಿಗೂ ಬರಲಿಲ್ಲಂದ್ರ ಕುರ್ಚಿ ಹೋಗತೈತಿ. ಇವತ್ತಿನದೊಂದು ತಪ್ಪಿದ್ರ ವರ್ಷ ತುಂಬ್ತು.”

“ಯಾರ್ರೀ ಅವರು?”

“ನಿನಗ್ಯಾಕ? ಇದ್ದೂ ಇಲ್ಲದಂಗ ಇರೋರು.”

ಅವನು ಬೆರಳಿಟ್ಟಲ್ಲಿ ಸಹಿ ಹಾಕಿಯೇ ರೂಢಿಯಾದವಳು; ಮತ್ತೆ ಕೇಳಲಿಲ್ಲ. ಸ್ಲೈಡುಗಳನ್ನು ಸರಿಸಿದಳು. ವ್ಯವಹಾರಜ್ಞಾನವಿಲ್ಲ. ಲೆಕ್ಕ ತಿಳಿಯದು. ಆಸಕ್ತಿಯಿಲ್ಲ. ಒಳಗೆ ಏನೂ ಅಲುಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ದವಡೆಯ ಹಾಗೆ.

“ಇವನ್ನೆಲ್ಲ ತೆಗೀರಿ. ಹತ್ತು ಕಾರಣ ಕೊಟ್ರ ಹತ್ತಕ್ಕೂ ವಾದ ಮಾಡ್ತಾರ. ಒಂದ ಹೇಳ್ರಿ. ಬಂದೇ ಇಲ್ಲ, ಅಷ್ಟ.”

“ಸಾಕಾಗತೈತೇನು?”

“ಚೇರ್ಮನ್ ಕಾಕಾ ಉಂಡು ಬರ್ತಾರ. ಎರಡನೇ ಸ್ಲೈಡಿಗೇ ಗೊರಕಿ ಹೊಡೀತಾರ.”

ಶೇಖರ್ ಗಹಗಹಿಸಿ ನಕ್ಕ. ಉಳಿದ ಸ್ಲೈಡುಗಳನ್ನು ಅಳಿಸಿದ. ಎದ್ದು ನಿಂತು ಹೇಳಿ ತೋರಿಸಿದ.

“ಅವಸರ ಮಾಡಬ್ಯಾಡ್ರಿ. ಹೇಳಿ ಸುಮ್ನ ನಿಂದರ್ರಿ. ಅವರ ಮಖಾ ನೋಡ್ರಿ.”

ಇಸ್ತ್ರಿಯಾದ ಅಂಗಿ ಕೊಟ್ಟು, ಬಡಿಸಿ, ಬಾಗಿಲವರೆಗೆ ಬಂದು ಕಳಿಸಿದಳು.

ಮೋಕ ರಸ್ತೆಯ ಆಫೀಸಿನಲ್ಲಿ ಪರದೆಯ ಮೇಲೆ ಒಂದೇ ಸಾಲು ಮೂಡಿತು: ವರ್ಷದಲ್ಲಿ ಒಂದು ಸಭೆಗೂ ಬಂದಿಲ್ಲ. ಶೇಖರ್ ಅದನ್ನು ನಿಧಾನವಾಗಿ ಓದಿ, ಹೇಳಿಕೊಟ್ಟಂತೆ ಸುಮ್ಮನೆ ನಿಂತು ಚೇರ್ಮನ್ ಕರಿಬಸವ ಕಾಕಾನ ಮುಖ ನೋಡಿದ. ಕಾಕಾ ಬಾಗಿಲ ಕಡೆ ನೋಡುತ್ತಿದ್ದರು.

“ತಡ ಆತು, ಕಾಕಾ,” ಎಂದು ದುರ್ಗಾದೇವಿ ಖಾಲಿ ಕುರ್ಚಿ ಎಳೆದುಕೊಂಡು ಕುಳಿತಳು. “ಅಪ್ಪ ಸಾಯೂಮುಂದ ಈ ಬೋರ್ಡಿಗೆ ನನ್ನ ಹೆಸರು ಹಾಕ್ಸಿದ್ದ, ಇವತ್ತು ಬಂದೀನಿ, ಹಾಜರಿ ಬರಕೊಳ್ರಿ.”