ಬುಟ್ಟಿಯಲ್ಲಿ ಉಳಿದ ತರಕಾರಿ

ಸಂಜೆ ಮಾರುಕಟ್ಟೆ ಖಾಲಿಯಾಗುವ ಹೊತ್ತಿಗೆ ಇಂದುಮತಿಯವರು ಹೋಗಿ, ಗಂಗವ್ವನ ಬುಟ್ಟಿಯಲ್ಲಿ ಉಳಿದ ತರಕಾರಿಯನ್ನೆಲ್ಲ ಕೊಳ್ಳುತ್ತಿದ್ದರು. ಅಲ್ಲೇ ಕುಳಿತು ಸ್ವಲ್ಪ ಹೊತ್ತು ಮಾತಾಡುತ್ತಿದ್ದರು. ಆಮೇಲೆ ಬಾಡಿಗೆ ಕೋಣೆಗೆ ಬಂದು, ಮೆತ್ತಗಾದ ಟೊಮೆಟೊವನ್ನು ಸಣ್ಣ ಉರಿಯಲ್ಲಿ ಗೊಜ್ಜಾಗುವವರೆಗೆ ಕುದಿಸುವುದು, ಮೆಣಸಿನಕಾಯಿಗೆ ಉಪ್ಪು ಬೆರೆಸಿಡುವುದು. ತಿನ್ನಲು ಅವರೊಬ್ಬರೇ. ಭರಣಿಗಳು ಕಪಾಟು ತುಂಬಿ ಮಂಚದ ಕೆಳಗೂ ಸೇರಿದವು.

ಕೊನೆಗೊಂದು ದಿನ ಅಳುಕುತ್ತಲೇ ಹೇಳಿದರು: “ಗಂಗವ್ವಾ, ಇನ್ನ ಮ್ಯಾಲೆ ನನಗ ಬ್ಯಾಡ. ನಾ ಒಬ್ಬಾಕಿ, ತಿಂದು ಮುಗಸಲಿಕ್ಕೆ ಆಗವಲ್ತು. ನಿನ್ನ ಮಾಲು ಹಾಳಾಗಬಾರದಂತ ಒಯ್ತಿದ್ದೆ.”

ಗಂಗವ್ವ ಬುಟ್ಟಿಯೊಳಗಿನ ಟೊಮೆಟೊಗಳನ್ನು ಅತ್ತಿತ್ತ ಸರಿಸತೊಡಗಿದಳು.

“ಬ್ಯಾಸರಾತೇನ?”

“ನನ್ನ ಮಾಲು ಮಧ್ಯಾಹ್ನಕ್ಕ ಖಾಲಿ ಆಕ್ಕೈತ್ರೀ ಅಕ್ಕಾರ. ಇಷ್ಟು ಎತ್ತಿಟ್ಟು ನಿಮ್ಮ ಹಾದಿ ನೋಡ್ಕೋತ ಕುಂದರ್ತಿದ್ದೆ. ಮನ್ಯಾಗ ನನ್ನ ಮಾತಾಡ್ಸಾಕ ಯಾರದಾರ?”